ಕ್ರೂಸ್ ಬಾರ್, ಶಹಾಬಾದ

ವಾಡಿ ರಸ್ತೆಯ ಕ್ರೂಸ್ ಬಾರಿನ ಗೋಡೆಗೆ
ದುಂಡನೆಯ ಕಿಟಕಿ ನಾಕು. ಬಣ್ಣದವು, ತೆರೆಯುವುದಿಲ್ಲ.
ಮಾಲಕ ಸಮುದ್ರ ನೋಡಿಲ್ಲ.
ನೋಡಿದವನು ಎಲೀಷ, ಒಂಬತ್ತು ವರ್ಷ
ಹಡಗಿನ ಏಳನೆಯ ಡೆಕ್ಕಿನಲ್ಲಿ ಗ್ಲಾಸು ತುಂಬಿದವನು,
ಈಗ ಸೇಂಗಾದ ಮೇಲೆ ಉಳ್ಳಾಗಡ್ಡಿ ಹೆಚ್ಚಿ ಹಾಕುತ್ತಾನೆ.

“ಹಡಗಿನ್ಯಾಗ ಹ್ಯಾಂಗಿತ್ತಪಾ?”
ಎರಡನೆಯ ಪೆಗ್ಗಿಗೆ ಯಾರಾದರೂ ಕೇಳಿಯೇ ಕೇಳುತ್ತಾರೆ.

“ಅಲ್ಲಿ ನೆಲಾನೇ ಕುಡದಿರ್ತದ. ನಾವು ನೆಟ್ಟಗ ನಿಲ್ಲಬೇಕು.
ಪಿಯಾನೋದಾಂವ ದಿನಾ ಅವೇ ಆರು ಹಾಡು.
ಮುದುಕಿ ಒಬ್ಬಾಕಿ ಎರಡು ಗ್ಲಾಸ್ ತರಸಾಕಿ,
ಒಂದು ಮುಟ್ಟತಿದ್ದಿಲ್ಲ. ಬಿಲ್ ಎರಡಕ್ಕೂ ಕೊಡತಿದ್ಲು.
ನಮ್ಮವ್ವಗ ಊಟದ ಹಾಲಿನ್ಯಾಗ ಕೆಲಸ ಅಂತ ಹೇಳಿದ್ದೆ,
ಐತವಾರಕ್ಕೊಮ್ಮೆ ಚರ್ಚಿನ್ಯಾಗ ನನ್ನ ಹೆಸರಿಲೆ ಪ್ರಾರ್ಥನಾ.
ಸಮುದ್ರಾ? ರಾತ್ರಿ ಎಲ್ಲಿ ಕಾಣತದ್ರೀ,
ಗಾಜಿನ್ಯಾಗ ನನ್ನ ಟೈ ಕಾಣತಿತ್ತು.”

ಮೂಲೆಯಲ್ಲಿ ಖಣಿಯ ಮಹಾಂತಪ್ಪ, ಉಗುರಲ್ಲಿ ಬಿಳಿ ಧೂಳು,
ಚಪ್ಪಲಿ ಕಳಚಿ ಅಂಗಾಲು ಫರಸಿಗೆ ಒತ್ತುತ್ತಾನೆ:
“ಕೆಳಗಿನ ಪದರಿನ್ಯಾಗ ತೆರಿ ಗೆರಿ ಅದಾವ ತಮ್ಮಾ.
ಒಂದು ಕಾಲಕ್ಕ ಇದೂ ಸಮುದ್ರಾನೇ ಅಂತ.
ಎಂಜಿನಿಯರ್ ಹೇಳ್ಯಾನ.”
ಯಾರೋ ನಗುತ್ತಾರೆ. ಯಾರೋ ಇನ್ನೊಂದು ಕ್ವಾರ್ಟರ್ ಅನ್ನುತ್ತಾರೆ.

ಹನ್ನೊಂದಕ್ಕೆ ಹತ್ತು ನಿಮಿಷ. ಸಿಮೆಂಟಿನ ಗೂಡ್ಸ್ ಗಾಡಿ
ಇನ್ನೂ ದೂರ, ಯಾರಿಗೂ ಕೇಳಿಲ್ಲ.
ಎಲೀಷ ಮಾತು ಅರ್ಧಕ್ಕೆ ಬಿಟ್ಟು
ಸಾಲುಗ್ಲಾಸಿನ ಮೇಲೆ ಅಂಗೈ ಚಾಚುತ್ತಾನೆ,
ಕಾಲು ತುಸು ಅಗಲಿಸಿ
ನಿಲ್ಲುತ್ತಾನೆ.