ಬಾಕಿ ಚಿಲ್ಲರೆ

ಹದಿನಾಲ್ಕು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಇದ್ದವಳು
ನಿಂತ ಬಸ್ಸಿನಿಂದ ಇಳಿದು ಬಿದ್ದೆ.
ಮಲ್ಲೇಶ್ವರ ಸರ್ಕಲ್ಲಿನ ಹತ್ತಿರ, ಅಲುಗುವ ಚಪ್ಪಡಿ,
ಕೆಳಗೆ ಮೋರಿ, ಮೇಲೆ ನಾನು,
ಹೆಗಲಲ್ಲಿ ಚರ್ಮದ ಚೀಲ. ಒಂದು ರೂಪಾಯಿಯೂ ಚೆಲ್ಲಲಿಲ್ಲ.

ಡಾಕ್ಟರು ಎಕ್ಸ್‌ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದು
ಪೆನ್ನಿನ ತುದಿಯಲ್ಲಿ ತೋರಿಸಿದರು:
ಕಿರುಬೆರಳಿನ ಹಿಂದಿನದು, ಸಣ್ಣ ಮೂಳೆ,
ಒಂದೊಂದು ಪಾದಕ್ಕೆ ಇಪ್ಪತ್ತಾರು ಇರುತ್ತೆ ಕಣಮ್ಮ.
ತಿಳಿಯಿತು. ಚಿಲ್ಲರೆ.
ಚಿಲ್ಲರೆ ಇಲ್ಲದೆ ಏನೇನಾಗುತ್ತದೆಂದು ನನ್ನನ್ನು ಕೇಳಿ.
ಒಂದು ರೂಪಾಯಿಗೆ, ಯಶವಂತಪುರದಿಂದ ಮೆಜೆಸ್ಟಿಕ್ಕಿನವರೆಗೆ
ನನ್ನ ವಂಶವನ್ನೇ ಬೈದುಕೊಂಡು ಬಂದವರಿದ್ದಾರೆ.

ಆರು ವಾರ.
ಮತ್ತಿಕೆರೆಯ ಎರಡನೇ ಮಹಡಿ, ಮೂವತ್ತೊಂದು ಮೆಟ್ಟಿಲು,
ಹತ್ತಿದ್ದು ಕೂತು ಕೂತು, ಹಿಮ್ಮುಖವಾಗಿ.
ಮಗ ಮೇಲೆ ನಿಂತು ರಿವರ್ಸ್ ಹೇಳಿದ:
ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್.

ಪುತ್ತೂರು ಕಟ್ಟು ಹಾಕಿಸಿದ್ದರೆ
ಇಷ್ಟು ಹೊತ್ತಿಗೆ ಓಡಾಡ್ತಿದ್ದೆ, ಅಂದರು ಅತ್ತೆ, ದಿನಾ.
ಕೆಳಗಿನ ಮನೆಯ ಜುಬೇದಾಬಿ ಕಾಲು ಸೂಪು ತಂದು
ಕಾಲಿಗೆ ಕಾಲು ಅಂತ ನಕ್ಕರು.
ಎದುರುಮನೆಯಿಂದ ಮಂಗರವಳ್ಳಿ ಚಟ್ನಿ;
ಸರಿಯಾಗಿ ಹುರಿದಿರಲಿಲ್ಲ, ಗಂಟಲೆಲ್ಲ ಕೆರೆತ.
ನಿಜವಾದ ಕೆರೆತ ಸಿಮೆಂಟಿನ ಬೂಟಿನೊಳಗೆ,
ಹಿಮ್ಮಡಿಗಿಂತ ಕೊಂಚ ಮೇಲೆ,
ಮಗನ ಅಡಿಕೋಲೂ ಮುಟ್ಟದ ಕಡೆ.

ನಿಲ್ಲುವುದು ಗೊತ್ತಿತ್ತು. ಕೂರುವುದು ಗೊತ್ತಿರಲಿಲ್ಲ.
ಅಲುಗದ ನೆಲಕ್ಕೆ ತಲೆ ಸುತ್ತು ಬರುತ್ತಿತ್ತು ಮೊದಮೊದಲು.
ಮಲಗಿದಲ್ಲೇ ಕಿವಿ ಡ್ಯೂಟಿಗೆ ಹೋಗುತ್ತಿತ್ತು:
ಈಗ ಹೋದದ್ದು ಐದೂ ನಲವತ್ತರದು, ಗೇರು ಕೂರುತ್ತಿಲ್ಲ;
ಇದು ಹೊಸ ಎಲೆಕ್ಟ್ರಿಕ್ಕು, ಸದ್ದೇ ಇಲ್ಲ,
ನಾಯಿ ಬೊಗಳಿದರೆ ಬಂತೆಂದು ಲೆಕ್ಕ.
ಒಂದು ರಾತ್ರಿ ನಿದ್ದೆಗಣ್ಣಲ್ಲಿ
ಒಳಗ್ಹೋಗ್ರೀ, ಒಳಗೆ ಖಾಲಿ ಇದೆ, ಅಂದೆನಂತೆ.
ಗಂಡ ಮಾತಾಡದೆ ಗೋಡೆಯ ಕಡೆ ಸರಿದರಂತೆ.

ಕಟ್ಟು ಬಿಚ್ಚಿದ ದಿನ
ಗರಗಸದ ಸದ್ದು ನಿಂತ ಮೇಲೆ ಹೊರಬಂದ ಕಾಲು
ನನ್ನದಲ್ಲ.
ಬಿಳಿಚಿಕೊಂಡು, ಸಣ್ಣಗಾಗಿ, ಹೊಟ್ಟು ಉದುರಿಸುತ್ತ,
ಯಾರೋ ಸೀಟಿನ ಕೆಳಗೆ ಮರೆತುಹೋದ ಸಾಮಾನಿನ ಹಾಗೆ.
ಡಿಪೋದಲ್ಲಿ ಅಂಥವಕ್ಕೊಂದು ಬೀರುವಿದೆ:
ಛತ್ರಿ, ಟಿಫನ್ ಕ್ಯಾರಿಯರ್, ಒಂದು ಸಲ ಹಲ್ಲುಸೆಟ್ಟು.
ಗುರುತು ಹೇಳಿ, ಸಹಿ ಮಾಡಿ ಒಯ್ಯಬೇಕು.
ಹಾಗೇ ಎತ್ತಿಕೊಂಡೆ ಅದನ್ನು, ಎರಡೂ ಕೈಯಲ್ಲಿ.

ಬೆರಳಿನಿಂದ ಗೋಲಿ ಎತ್ತಿ ಲೋಟಕ್ಕೆ ಹಾಕಿ,
ಅಂದಿದ್ದಳು ಫಿಸಿಯೋ ಹುಡುಗಿ.
ಗೋಲಿ ಎಲ್ಲಿ? ನಾಣ್ಯ ಹರಡಿದೆ ನೆಲದ ಮೇಲೆ.
ಒಂದೂ ಏಳಲಿಲ್ಲ.
ಲಕ್ಷ್ಮೀನ ಕಾಲಲ್ಲಿ ಮುಟ್ತೀಯಾ, ಅತ್ತೆ ಕೂಗಾಡಿ
ಒಂದೊಂದನ್ನೇ ಆರಿಸಿ ಕಣ್ಣಿಗೊತ್ತಿಕೊಂಡರು,
ಆಮೇಲೆ ಒಳಗಿನಿಂದ ಹುಣಿಸೆಬೀಜ ತಂದು ಸುರಿದರು.

ಭಾನುವಾರ ನಸುಕಿಗೆ ಡಿಪೋಗೆ ಹೋದೆ, ಊರುಗೋಲು ಹಿಡಿದು.
ಪುಟ್ಟಮಾದಯ್ಯ ಖಾಲಿ ಬಸ್ಸನ್ನು ಅಂಗಳದಲ್ಲೇ ತಿರುಗಿಸಿದ,
ಮೊದಲ ಗೇರಲ್ಲಿ, ದಿನತುಂಬಿದ ಬಸುರಿಯನ್ನು
ಕೂರಿಸಿಕೊಂಡವನ ಹಾಗೆ.
ಕಂಬ ಹಿಡಿದಿದ್ದೆ. ಬಿಟ್ಟೆ.
ತಿರುವಿನಲ್ಲಿ ಮೈ ತಾನೇ ಭಾರ ಬದಲಿಸಿತು,
ಆ ಸಣ್ಣ ಮೂಳೆ ಚುರುಕ್ ಅಂತು.
ಕನ್ನಡಿಯಲ್ಲಿ ನೋಡಿ ಕೇಳಿದ: ನಿಲ್ಸಲಾ?

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಹಿಂದೆ ಬರೆದುಕೊಡುತ್ತೇವೆ,
ಮೂರು ಅಂತ ಬರೆದು, ಸುತ್ತ ಒಂದು ಸೊನ್ನೆ ಎಳೆದು,
ಇಳಿಯುವಾಗ ಇಸ್ಕೊಳ್ಳಿ ಅನ್ನುತ್ತೇವೆ.
ಎಷ್ಟೋ ಜನ ಮರೆತು ಇಳಿದುಬಿಡುತ್ತಾರೆ.
ನಾನು ಬಿಡುವವಳಲ್ಲ.
ಇನ್ನೊಂದು ಸುತ್ತು, ಅಂದೆ. ರೈಟ್.