ಆರರಲ್ಲೊಂದು ಪಾಲು

ಹಾಸನದ ಬಿ.ಎಂ. ರಸ್ತೆ, ಎರಡನೇ ಮಹಡಿ.
ಡಾಕ್ಟರ್ ಜ್ವಾಲಿನಿ ನನ್ನ ಎಡದವಡೆಯನ್ನು
ಕಂಪ್ಯೂಟರಿನ ಬೆಳಕಲ್ಲಿ ತೋರಿಸುತ್ತಾರೆ:
ಬೂದು ಮೋಡದೊಳಗೊಂದು ಬಿಳೀ ತಿರುಪು.

ಮೂವತ್ತೊಂದು ವರ್ಷ ಕರೆಂಟು ಕಂಬ ನೆಟ್ಟವನು ನಾನು.
ಅರಸೀಕೆರೆ ಸಬ್‌ಡಿವಿಜನ್ನು, ಬಾಣಾವರ ಸೆಕ್ಷನ್ನು.
ಮೂವತ್ತಡಿ ಕಂಬಕ್ಕೆ ಐದಡಿ ಗುಂಡಿ,
ಆರರಲ್ಲೊಂದು ಪಾಲು ನೆಲಕ್ಕೆ.
ಮಗ್ಗಿ ಮರೆತರೂ ಮರೆಯದ ಲೆಕ್ಕ.

ಹಲ್ಲು ಹೋದದ್ದು ಕೊಬ್ಬರಿ ಕಚ್ಚಿ.
ಹೋದ ಆಷಾಢಕ್ಕೆ ಅದರ ಜಾಗದಲ್ಲಿ ಟೈಟೇನಿಯಂ ಹೂತರು.
ಆವತ್ತು ಕುರ್ಚಿಯಲ್ಲಿ ಒರಗಿ, ಅರ್ಧ ಮರಗಟ್ಟಿದ ಬಾಯಲ್ಲೇ
"ಆಳಕ್ಕೇ ಹಾಕಿ ಮೇಡಂ, ಅಲ್ಲಾಡಬಾರದು" ಅಂದಿದ್ದೆ.
ಮಾಸ್ಕಿನ ಮೇಲೆ ಕಣ್ಣು ನಕ್ಕಿದ್ದವು.

ಈಗ ಪೆನ್ನಿನ ತುದಿಯಿಂದ ತಿರುಪಿನ ಸುತ್ತು ಎಣಿಸುತ್ತಾರೆ.
"ಮೂಳೆಯ ಅಂಚು ಇಲ್ಲಿತ್ತು. ಈಗ ಇಲ್ಲಿ.
ಮೇಲೇ ಬಿಟ್ಟರೆ ಲೋಹ ಒಸಡಿಂದ ಇಣುಕುತ್ತೆ,
ಅದಕ್ಕೇ ಅಂಚಿಗಿಂತ ಕೊಂಚ ಕೆಳಗಿಟ್ಟೆ.
ಇನ್ನೂ ಇಳಿಸಿದ್ದರೆ ಹಲ್ಲೂ ತಿರುಪೂ ಕೂಡುವ ಕೀಲೂ ಇಳಿಯೋದು.
ಮೂಳೆಗೆ ಆ ಕೀಲು ಆಗಿಬರಲ್ಲ, ಹಿಂದೆ ಸರಿಯುತ್ತೆ."

ತಿರುಪಿನ ಕತ್ತಿನ ಸುತ್ತ ತಟ್ಟೆಯಂಥ ತಗ್ಗು.
ಇದನ್ನು ನಾನು ಎಲ್ಲೋ ನೋಡಿದ್ದೇನೆ.

ಎಲ್ಲೋ ಏನು, ಬಾಣಾವರದಾಚೆ, ರೈಲ್ವೆ ಗೇಟಿನ ಹತ್ತಿರ.
ತೊಂಬತ್ತಾರರಲ್ಲಿ ಇಮಾಮ್ ಸಾಬಿ ಮತ್ತು ನಾನು
ಮರಳುಮಣ್ಣು, ಸಡಿಲ ಎಂದು ಹೆದರಿ
ಐದಡಿಯ ಬದಲು ಏಳಡಿ ತೋಡಿದ್ದೆವು.
ಕಂಬವೇನೋ ಭದ್ರ.
ಬುಡದ ಮಣ್ಣು ಮೊದಲ ಮಳೆಗೇ ಕುಸಿದು ಬೋಗುಣಿಯಾಯಿತು,
ನೀರು ನಿಂತಿತು, ಕಪ್ಪೆ ಮೊಟ್ಟೆಯಿಟ್ಟವು.
ಇತ್ತ ತಂತಿ ಎರಡಡಿ ಕೆಳಗೆ ಜೋತು
ಹುಲ್ಲಿನ ಲಾರಿಗೆ ತಾಗಿ
ಇಬ್ಬರಿಗೂ ಮೆಮೊ.

ಇಮಾಮ್ ಸಾಬಿ ಮೆಮೊ ಮಡಚಿ ಬೀಡಿ ಕಟ್ಟಿನೊಳಗಿಟ್ಟು ಅಂದಿದ್ದ:
"ಕಂಬ ನಿಲ್ಲೋದು ತಳದಲ್ಲಲ್ಲ ಕಣಯ್ಯ, ಅಂಚಲ್ಲಿ."
ತಪ್ಪು ಮುಚ್ಚೋಕೆ ಗಾದೆ ಕಟ್ಟುತ್ತಾನೆ ಅಂದುಕೊಂಡಿದ್ದೆ.

"ಎಷ್ಟು ಇಳಿದಿದೆ ಮೇಡಂ?"
"ಒಂದು ಮಿಲಿಮೀಟರು, ಮೇಲೆ ಚೂರು.
ಮೊದಲ ವರ್ಷ ಇಷ್ಟು ಆಗೋದೇ. ಇನ್ನು ನಿಲ್ಲಬೇಕು."
ನಿಲ್ಲುತ್ತೆ ಅನ್ನಲಿಲ್ಲ.
ನಾವೂ ರಿಜಿಸ್ಟರಿನಲ್ಲಿ ಹಾಗೇ ಬರೆಯುತ್ತಿದ್ದೆವು.

ಸಂಜೆ ಪ್ಯಾಸೆಂಜರು. ಕಿಟಕಿಯಾಚೆ
ಕಂಬಗಳು ಒಂದೊಂದಾಗಿ ಹಿಂದಕ್ಕೆ ಹೋಗುತ್ತವೆ,
ಕೆಲವನ್ನು ನಾನೇ ನೆಟ್ಟಿದ್ದು.
ನಾಲಗೆ ತಾನಾಗಿ ಎಡಕ್ಕೆ ಸರಿದು
ಒಸಡನ್ನು ಒತ್ತುತ್ತಿದೆ, ಬಿಟ್ಟು ಬಿಟ್ಟು,
ಹೊಸ ಕಂಬದ ಬುಡಕ್ಕೆ ಮಣ್ಣು ಕೊಟ್ಟು
ಹಿಮ್ಮಡಿಯಲ್ಲಿ ಸುತ್ತಲೂ ತುಳಿಯುತ್ತಾರಲ್ಲ,
ಹಾಗೆ.