ಇಪ್ಪತ್ನಾಲ್ಕು ಗಂಟೆಯ ಕ್ಯಾನು

ಮೊದಲ ಸಲದ್ದು ಚೆಲ್ಲಿಬಿಡಿ, ಅಂದಿದ್ದಳು ನರ್ಸ್.
ಆಮೇಲೆ ಒಂದು ಹನಿಯೂ ಹೊರಗೆ ಹೋಗಬಾರದು,
ನಾಳೆ ಬೆಳಿಗ್ಗೆ ಏಳರವರೆಗೆ.
ಕೊಟ್ಟದ್ದು ಕಂದು ಬಣ್ಣದ ಕ್ಯಾನು,
ಮೇಲೆ ಅರಬಿಯಲ್ಲಿ ಮೈಮೂನಳ ಹೆಸರು,
ಬಲದಿಂದ ಎಡಕ್ಕೆ.

ಫ್ರಿಜ್ಜಿನಲ್ಲಿ ಜಾಗ ಮಾಡಿದೆವು.
ಈ ಕಡೆ ನೀರುದೋಸೆಯ ಹಿಟ್ಟು,
ಆ ಕಡೆ ಲಬಾನ್ ಬಾಟಲಿ.
ಯಾರಾದರೂ ಜ್ಯೂಸ್ ಅಂದುಕೊಂಡರೆ? ಅಂದಳು.
ನಕ್ಕೆವು. ನಗುವಾಗ ಅವಳ ಕಣ್ಣು
ಊದಿದ ರೆಪ್ಪೆಯೊಳಗೆ ಕಾಣೆಯಾಯಿತು.

ಬಸುರಿಯ ಕಾಲು ಊದದೆ ಇರುತ್ತದಾ,
ಉಪ್ಪಿನಂಗಡಿಯಿಂದ ಉಮ್ಮ, ಫೋನಿನಲ್ಲಿ.
ನಿನ್ನನ್ನು ಹೊತ್ತಾಗ ನನಗೆ ಚಪ್ಪಲಿಯೇ ಹಿಡಿಸುತ್ತಿರಲಿಲ್ಲ.
ಬಾರ್ಲಿ ನೀರು ಕುಡಿಸು.
ಹೂಂ ಅಂದೆ. ಉಂಗುರದ ವಿಷಯ ಹೇಳಲಿಲ್ಲ:
ಸೋಪು, ಎಣ್ಣೆ, ನೂಲು ಎಲ್ಲ ಸೋತು
ಸೂಕಿನ ಗುಜರಾತಿ ಅಕ್ಕಸಾಲಿಗ
ಕತ್ತರಿಸಿ ಕೊಟ್ಟಿದ್ದ.

ನನ್ನ ಕೆಲಸ ಈ ಸೋಹಾರಿನಲ್ಲಿ ಕಡಲನ್ನು ಸಿಹಿ ಮಾಡುವುದು.
ಒತ್ತಡ ಕೊಟ್ಟು ನೀರನ್ನು ಪೊರೆಯಿಂದ ಹಿಂಡುತ್ತೇವೆ,
ಉಪ್ಪು ಈಚೆಗೇ ನಿಲ್ಲಬೇಕು.
ಪೊರೆ ಹರಿದರೆ ಪರದೆಯ ಅಂಕಿ ಕೆಂಪಾಗುತ್ತದೆ.
ಪಂಪು ನಿಲ್ಲಿಸುತ್ತೇವೆ, ಹೊಸ ಪೊರೆ ಹಾಕುತ್ತೇವೆ.
ಹನ್ನೊಂದು ವರ್ಷ ಇದನ್ನೇ ಮಾಡಿದವನಿಗೆ
ಡಾಕ್ಟರ್ ಬದ್ರಿಯಾ ಚೀಟಿಯ ಹಿಂದೆ
ಮೂತ್ರಪಿಂಡದ ಚಿತ್ರ ಬರೆಯಬೇಕಾಗಿರಲಿಲ್ಲ.
ಜರಡಿ ಸೋರುತ್ತಿದೆ. ಉಳಿಯಬೇಕಾದದ್ದು ಹೋಗುತ್ತಿದೆ.
ನಿಲ್ಲಿಸಬೇಕಾದ ಪಂಪು ಯಾವುದು, ಕೇಳಿದೆ.
ಅವರು ಅವಳ ಹೊಟ್ಟೆಯ ಕಡೆ ನೋಡಿದರು.

ಏಳು ಗಂಟೆಗೇ ನಲವತ್ತು ಡಿಗ್ರಿ.
ಮೈಮೂನ ಹಿಂದಿನ ಸೀಟಿನಲ್ಲಿ ಎಡಮಗ್ಗುಲಾಗಿ,
ದೀಪಗಳು ಮಿಣುಕುತ್ತಿವೆ, ಅಂದಳು,
ಅಷ್ಟು ಬಿಸಿಲಿನಲ್ಲಿ.
ಮುಂದಿನ ಸೀಟಿನಲ್ಲಿ ಕ್ಯಾನು. ಬೆಲ್ಟು ಹಾಕಿದ್ದೆ.
ಪ್ರತಿ ರೌಂಡಬೌಟಿಗೂ ಒಳಗೆ ತುಳುಕಿತು
ವಾಂತಿಯ ನಡುವೆಯೂ ಅವಳು ತಿಂದ ಮೊಟ್ಟೆ, ಮೀನು, ಬೇಳೆ,
ಮಗುವಿಗೆಂದು ಹೊರಟು ದಾರಿ ತಪ್ಪಿದ್ದು.
(ಹಾಗಲ್ಲ, ಎಂದು ಬದ್ರಿಯಾ ಆಮೇಲೆ ತಿದ್ದಿದರು.
ಊಟದ್ದಲ್ಲ ತಪ್ಪು. ಮಾಸಿನ ನಾಳಗಳೇ ಕಿರಿದು,
ಮಗುವಿಗೆ ರಕ್ತ ಸಾಲಲಿಲ್ಲ.)

ಬಾಗಿಲಲ್ಲೇ ಬಿಪಿ ನೋಡಿದರು. ನೂರಾ ಎಪ್ಪತ್ತೆರಡು.
ಗಾಲಿಮಂಚ ಓಡಿತು.
ಕ್ಯಾನನ್ನು ಯಾರೂ ಕೇಳಲಿಲ್ಲ.
ಮೆಗ್ನೀಷಿಯಂ ಇಳಿದಾಗ ನರನರದಲ್ಲಿ
ಒಲೆ ಹೊತ್ತಿಕೊಂಡ ಹಾಗಿತ್ತಂತೆ.
ನಾನು ಆ ಹೊತ್ತಿಗೆ ಕಾರಿಡಾರಿನಲ್ಲಿ
ಎರಡು ಲೀಟರನ್ನು ಎದೆಗೊತ್ತಿಕೊಂಡು ನಿಂತಿದ್ದೆ.
ಜರುಗಿ ಜಾಗ ಕೊಟ್ಟ ಒಬ್ಬ ಒಮಾನಿ ಮುದುಕ,
ಕ್ಯಾನು ನೋಡಿ, ಅಸಲ್? ಎಂದ. ಜೇನೇ?
ಹೌದೋ ಅಲ್ಲವೋ ಎಂಬಂತೆ ತಲೆಯಾಡಿಸಿದೆ.

ಮೂವತ್ತಮೂರು ವಾರ. ಸಾವಿರದ ನಾನೂರು ಗ್ರಾಂ.
ಅಂಗಡಿಯ ತಕ್ಕಡಿಯಲ್ಲಾದರೆ
ಒಂದೂವರೆ ಕಿಲೋ ಮಾಡಿಬಿಡಿ, ಅನ್ನುತ್ತಿದ್ದೆ.
ಗಾಜಿನ ಪೆಟ್ಟಿಗೆಯೊಳಗೆ ಮಗಳು
ಒಂದು ಕಾಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

ಎರಡನೆಯ ದಿನ ಮಲಯಾಳಿ ಸಿಸ್ಟರ್
ಅವಳ ನ್ಯಾಪಿ ಬಿಚ್ಚಿ ತೂಗಿ
ಹನ್ನೆರಡು, ಎಂದು ಚಾರ್ಟಿನಲ್ಲಿ ಬರೆದುಕೊಂಡಳು.
ಉಚ್ಚೆ ಹೊಯ್ದಿದ್ದಾಳೆ ಕಣೇ, ಎಂದು
ಮೇಲಿನ ವಾರ್ಡಿಗೆ ಓಡಿದೆ.

ಮೈಮೂನ ಬಾತ್‌ರೂಮಿನಿಂದ ಗೋಡೆ ಹಿಡಿದು ಬರುತ್ತಿದ್ದಳು,
ಕೈಯಲ್ಲಿ ಪುಟ್ಟ ಕಪ್ಪು.
ಪಟ್ಟಿ ಅದ್ದಿದರು, ಕಾದೆವು.
ಹಳದಿ ನಿಧಾನವಾಗಿ ಹಸಿರಾಯಿತು.
ಇನ್ನೂ ಎರಡು ಪ್ಲಸ್.